ಅಂಗಾಂಶದಲ್ಲಿನ ಶಿಲೀಂಧ್ರ ಮತ್ತು ಅವಕಾಶವಾದಿ ಸೋಂಕುಗಳನ್ನು ಪ್ರತಿಕಾಯ ಬಣ್ಣದಿಂದ ಗುರುತಿಸುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ತೆಗೆದ ಬಯಾಪ್ಸಿಗೆ ವಿಶೇಷ ಪರೀಕ್ಷೆ ಬೇಕೆಂದಾದರೆ ಅದರ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡು) ಹೆಚ್ಚಾಗಿ ತಲಪಾಡಿ ದಾಟಿ ಮಂಗಳೂರಿಗೆ, ಕೆಲವೊಮ್ಮೆ ದಕ್ಷಿಣಕ್ಕೆ ಪರಿಯಾರಂ ಕಡೆಗೆ ಹೋಗುತ್ತದೆ. ಒಯ್ಯುವವರು ರೋಗಿಯ ಮಗನೋ ಅಳಿಯನೋ ಆಗಿರುತ್ತಾರೆ. ಆ ಬ್ಲಾಕ್ ಅಲ್ಲಿಗೆ ತಲುಪುವ ಹೊತ್ತಿಗೆ ಫಲಿತಾಂಶದ ಬಹುಪಾಲು ಇಲ್ಲಿಯೇ ನಿರ್ಧಾರವಾಗಿಬಿಟ್ಟಿರುತ್ತದೆ. ಅಂಗಾಂಶವನ್ನು ಯಾವ ದ್ರಾವಣದಲ್ಲಿ ಹಾಕಿದರು, ಎಷ್ಟು ಹೊತ್ತು ಇಟ್ಟರು, ಕೋರಿಕೆ ಚೀಟಿಯಲ್ಲಿ ಏನು ಬರೆದರು, ಮೊದಲ ಸ್ಲೈಡನ್ನು ಎಷ್ಟು ಗಮನವಿಟ್ಟು ನೋಡಿದರು ಎಂಬುದರ ಮೇಲೆ ದುಬಾರಿ ಪ್ರತಿಕಾಯದ (ಆಂಟಿಬಾಡಿ) ಉತ್ತರ ನಿಂತಿದೆ. ಆದ್ದರಿಂದ ಈ ಬರಹವು ಐಎಚ್‌ಸಿ, ಅಂದರೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಮಾಡುವ ದೊಡ್ಡ ಲ್ಯಾಬಿನವರಿಗೆ ಎಷ್ಟು ಸಂಬಂಧಿಸಿದೆಯೋ ಅಂಗಾಂಶ ಕಳುಹಿಸುವ ಶಸ್ತ್ರಚಿಕಿತ್ಸಕರಿಗೂ ತಂತ್ರಜ್ಞರಿಗೂ ಅಷ್ಟೇ ಸಂಬಂಧಿಸಿದೆ.

ತತ್ತ್ವ ಸರಳವಾದದ್ದು. ರೋಗಾಣುವಿನ ಮೈಮೇಲಿನ ಅಥವಾ ಒಳಗಿನ ಒಂದು ನಿರ್ದಿಷ್ಟ ಪ್ರತಿಜನಕಕ್ಕೆ (ಆಂಟಿಜೆನ್) ಅಂಟಿಕೊಳ್ಳುವ ಪ್ರತಿಕಾಯವನ್ನು ಅಂಗಾಂಶದ ತೆಳು ಪದರದ ಮೇಲೆ ಹಾಕಲಾಗುತ್ತದೆ. ಆ ಪ್ರತಿಕಾಯಕ್ಕೆ ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ ಅಂಟುತ್ತದೆ. ಆ ಕಿಣ್ವವು ಬಣ್ಣರಹಿತ ರಾಸಾಯನಿಕವನ್ನು ಕಂದು ಅಥವಾ ಕೆಂಪು ಬಣ್ಣವಾಗಿ ಅಲ್ಲಿಯೇ ಕೂರಿಸುತ್ತದೆ. ಇಂದು ಈ ವಿಧಾನವನ್ನು ಹೆಚ್ಚಾಗಿ ಕ್ಯಾನ್ಸರ್ ವಿಂಗಡಣೆಗೆ ಬಳಸುತ್ತೇವಾದರೂ ಇದು ಹುಟ್ಟಿದ್ದೇ ಸೋಂಕಿನ ಅಧ್ಯಯನದಲ್ಲಿ. 1940ರ ದಶಕದ ಆರಂಭದಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಹೊಳೆಯುವ ಬಣ್ಣ ಜೋಡಿಸಿದ ಪ್ರತಿಕಾಯದಿಂದ ಅಂಗಾಂಶದಲ್ಲಿ ತೋರಿಸಿದ್ದು ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಪ್ರತಿಜನಕವನ್ನು. 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಹೊಳೆಯುವ ಬಣ್ಣದ ಜಾಗಕ್ಕೆ ಪೆರಾಕ್ಸಿಡೇಸ್ ಕಿಣ್ವವನ್ನು ತಂದರು. 1991ರಲ್ಲಿ ಫಾರ್ಮಲಿನ್‌ನಿಂದ ಮುಚ್ಚಿಹೋದ ಪ್ರತಿಜನಕವನ್ನು ಶಾಖದಿಂದ ತೆರೆಯುವ ಉಪಾಯ ಪ್ರಕಟವಾದ ಮೇಲೆ ಮಾಮೂಲಿ ಪ್ಯಾರಾಫಿನ್ ಬ್ಲಾಕುಗಳಲ್ಲಿ ಈ ಪರೀಕ್ಷೆ ನಿಜವಾದ ಅರ್ಥದಲ್ಲಿ ಸಾಧ್ಯವಾಯಿತು.

ಅಂಗಾಂಶ ಫಾರ್ಮಲಿನ್‌ಗೆ ಬೀಳುವ ಮೊದಲು

ಸೋಂಕಿನ ಅನುಮಾನವಿದ್ದರೆ ಬಯಾಪ್ಸಿಯನ್ನು ಎರಡು ಭಾಗ ಮಾಡಬೇಕು. ಒಂದು ತುಂಡು ಸ್ಟೆರೈಲ್ ನಾರ್ಮಲ್ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ ಹೋಗಬೇಕು, ಇನ್ನೊಂದು ಫಾರ್ಮಲಿನ್‌ಗೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಏಕೆಂದರೆ ಫಾರ್ಮಲಿನ್‌ಗೆ ಬಿದ್ದ ಶಿಲೀಂಧ್ರ ಮತ್ತೆ ಬೆಳೆಯುವುದಿಲ್ಲ, ಮತ್ತು ಯಾವ ಪ್ರತಿಕಾಯವೂ ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸುವುದು) ಕೊಡುವ ಎರಡು ಸಂಗತಿಗಳನ್ನು, ಅಂದರೆ ಖಚಿತವಾದ ಜಾತಿಯ ಹೆಸರು ಹಾಗೂ ಯಾವ ಔಷಧಿಗೆ ಬಗ್ಗುತ್ತದೆ ಎಂಬ ಮಾಹಿತಿಯನ್ನು, ಕೊಡಲಾರದು. ಮ್ಯೂಕರ್ (ಮ್ಯೂಕರ್‌ಮೈಕೋಸಿಸ್ ತರುವ ಶಿಲೀಂಧ್ರ ವರ್ಗ) ಅನುಮಾನವಿದ್ದಾಗ ಕಲ್ಚರ್‌ಗೆ ಹೋಗುವ ತುಂಡನ್ನು ಅರೆಯಬಾರದು, ಸಣ್ಣದಾಗಿ ಕತ್ತರಿಸಿ ಹಾಕಬೇಕು. ಅಡ್ಡಗೋಡೆಗಳಿಲ್ಲದ ಅದರ ಎಳೆಗಳು ಅರೆದರೆ ಒಡೆದು ಸಾಯುತ್ತವೆ. ನಮ್ಮ ಕರಾವಳಿಯಲ್ಲಿ ಮಧುಮೇಹಿಗಳಲ್ಲಿ ಕಾಣುವ ಮೆಲಿಯಾಯ್ಡೋಸಿಸ್‌ನಂಥ ಬ್ಯಾಕ್ಟೀರಿಯಾ ಸೋಂಕೂ ಕಲ್ಚರ್‌ನಲ್ಲಿಯೇ ಸಿಕ್ಕಿಬೀಳುತ್ತದೆ. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕುವ ರೂಢಿ ತಪ್ಪಬೇಕಾದರೆ ಆಪರೇಷನ್ ಥಿಯೇಟರಿನಲ್ಲಿ ಸಲೈನ್ ಬಾಟಲಿ ಮೊದಲೇ ಸಿದ್ಧವಾಗಿರಬೇಕು.

ಫಾರ್ಮಲಿನ್ ಬಫರ್ ಮಾಡಿದ್ದಾಗಿರಬೇಕು. ಒಂದು ಲೀಟರಿಗೆ 100 ಮಿ.ಲೀ. ಅಂಗಡಿಯ ಗಾಢ ಫಾರ್ಮಲಿನ್, 900 ಮಿ.ಲೀ. ಡಿಸ್ಟಿಲ್ಡ್ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಸೇರಿಸಿದರೆ ಸಾಕು, ಖರ್ಚು ಅತ್ಯಲ್ಪ. ಬಫರ್ ಇಲ್ಲದ ಫಾರ್ಮಲಿನ್ ದಿನ ಕಳೆದಂತೆ ಆಮ್ಲೀಯವಾಗಿ, ರಕ್ತವಿರುವ ಜಾಗದಲ್ಲಿ ಕಂದುಗಪ್ಪು ಕಣಗಳನ್ನು ಉಳಿಸುತ್ತದೆ, ಮತ್ತು ಕಂದು ಬಣ್ಣವನ್ನೇ ಹುಡುಕುವ ಪರೀಕ್ಷೆಯಲ್ಲಿ ಅದು ನೇರವಾಗಿ ದಾರಿ ತಪ್ಪಿಸುತ್ತದೆ. ಅಂಗಾಂಶದ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು ದ್ರಾವಣವಿರಬೇಕು. ದೊಡ್ಡ ತುಂಡನ್ನು ನಾಲ್ಕೈದು ಮಿಲಿಮೀಟರಿಗಿಂತ ದಪ್ಪವಾಗದಂತೆ ಕೊಯ್ದು ಹಾಕಬೇಕು. 6 ಗಂಟೆಗಿಂತ ಕಡಿಮೆ ಇಟ್ಟರೆ ಒಳಭಾಗಕ್ಕೆ ದ್ರಾವಣ ಸರಿಯಾಗಿ ಹಿಡಿಯುವುದಿಲ್ಲ, 72 ಗಂಟೆ ಮೀರಿದರೆ ಪ್ರತಿಜನಕಗಳು ಬಿಗಿದುಕೊಳ್ಳುತ್ತವೆ. ಶುಕ್ರವಾರ ಸಂಜೆ ತೆಗೆದ ಬಯಾಪ್ಸಿ ಸೋಮವಾರದವರೆಗೆ ಬಾಟಲಿಯಲ್ಲಿಯೇ ಉಳಿಯುವುದು ಅಪರೂಪವಲ್ಲ. ಅಂಥಲ್ಲಿ ತೆಗೆದ ಸಮಯವನ್ನು ಚೀಟಿಯ ಮೇಲೆ ಬರೆದಿಟ್ಟರೆ ಮುಂದೆ ಓದುವವರಿಗೆ ಉಪಕಾರವಾಗುತ್ತದೆ.

ಮೂಗಿನ ಸೈನಸ್, ಮೇಲ್ದವಡೆ ಮುಂತಾದ ಕಡೆಯಿಂದ ಬರುವ ಅಂಗಾಂಶದಲ್ಲಿ ಮೂಳೆ ಸೇರಿರುತ್ತದೆ. ಅದನ್ನು ಬೇಗ ಮೆತ್ತಗಾಗಿಸಲು ಪ್ರಬಲ ಆಮ್ಲ ಬಳಸಿದರೆ ಪ್ರತಿಕಾಯ ಪರೀಕ್ಷೆ ಕೆಡಬಹುದು, ಬ್ಲಾಕಿನಿಂದ ಡಿಎನ್‌ಎ ತೆಗೆಯುವುದೂ ಕಷ್ಟವಾಗುತ್ತದೆ. ಮೃದುಭಾಗವನ್ನು ಬಿಡಿಸಿ ಬೇರೆ ಬ್ಲಾಕ್ ಮಾಡಿ, ಮೂಳೆಯನ್ನು ಇಡಿಟಿಎ ದ್ರಾವಣದಲ್ಲಿ ನಿಧಾನವಾಗಿ ಮೆತ್ತಗಾಗಿಸುವುದು ಸರಿಯಾದ ಕ್ರಮ.

ಮಾಮೂಲಿ ಬಣ್ಣಗಳನ್ನು ಬಿಟ್ಟು ಮುಂದೆ ಹೋಗಬಾರದು

ಹೆಮಟಾಕ್ಸಿಲಿನ್-ಇಯೋಸಿನ್, ಶಿಲೀಂಧ್ರದ ಗೋಡೆಯನ್ನು ಕೆಂಗುಲಾಬಿ ಮಾಡುವ ಪಿಎಎಸ್ ಮತ್ತು ಕಪ್ಪಾಗಿಸುವ ಗ್ರೋಕಾಟ್ ಬೆಳ್ಳಿ ಬಣ್ಣ, ಈ ಮೂರನ್ನು ನೋಡದೆ ಪ್ರತಿಕಾಯ ಕೇಳುವುದು ಹಣವನ್ನೂ ಸಮಯವನ್ನೂ ಕಳೆಯುವ ದಾರಿ. ಪ್ರತಿಕಾಯವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇದೆಯೇ ಎಂದು ಕೇಳಿದರೆ ಅಲ್ಲಿರುವ ಹಿಸ್ಟೋಪ್ಲಾಸ್ಮಾ ಎಂಬ ಬೇರೆ ಶಿಲೀಂಧ್ರದ ಸುಳಿವನ್ನು ಅದು ಕೊಡುವುದಿಲ್ಲ. ಹಾಗಾಗಿ ಮೊದಲು ಆಕಾರದಿಂದ ಎರಡು ಮೂರು ಹೆಸರುಗಳಿಗೆ ಇಳಿದು, ಅವುಗಳ ನಡುವೆ ಆಯ್ಕೆ ಚಿಕಿತ್ಸೆಯನ್ನು ಬದಲಿಸುತ್ತದೆಯೇ ಎಂದು ಯೋಚಿಸಿ, ಆಮೇಲೆ ಪ್ರತಿಕಾಯವನ್ನು ಆರಿಸಬೇಕು.

ಎಷ್ಟೋ ಸೋಂಕುಗಳಿಗೆ ಇದರ ಅಗತ್ಯವೇ ಬೀಳುವುದಿಲ್ಲ. ಮೂಗಿನಲ್ಲಿ ಬೆಳೆಯುವ ರೈನೋಸ್ಪೊರಿಡಿಯೋಸಿಸ್‌ನ ದೊಡ್ಡ ಚೀಲಗಳು ಮಾಮೂಲಿ ಸ್ಲೈಡಿನಲ್ಲಿಯೇ ತಮ್ಮ ಹೆಸರು ಹೇಳುತ್ತವೆ. ತೋಟದ ಕೆಲಸದಲ್ಲಿ ಕಾಲಿಗೆ ಮುಳ್ಳು ಚುಚ್ಚಿ ವರ್ಷಗಟ್ಟಲೆ ನರಹುಲಿಯಂತೆ ಬೆಳೆಯುವ ಕ್ರೋಮೋಬ್ಲಾಸ್ಟೋಮೈಕೋಸಿಸ್‌ನಲ್ಲಿ ದಪ್ಪ ಗೋಡೆಯ ಕಂದು ದುಂಡುಕೋಶಗಳು ಬಣ್ಣ ಹಾಕುವ ಮೊದಲೇ ಕಂದಾಗಿರುತ್ತವೆ. ಕ್ರಿಪ್ಟೋಕಾಕಸ್‌ನ ಲೋಳೆಕವಚ ಮ್ಯೂಸಿಕಾರ್ಮಿನ್‌ಗೆ ಕೆಂಪಾದರೆ ಅಲ್ಲಿಗೆ ಮುಗಿಯಿತು. ರಕ್ತ ಅಥವಾ ಬೆನ್ನುಹುರಿ ದ್ರವದಲ್ಲಿ ಅದರ ಪ್ರತಿಜನಕ ನೋಡುವ ಪಟ್ಟಿ ಪರೀಕ್ಷೆ ಕೆಲವೇ ನಿಮಿಷಗಳದ್ದು.

ಇನ್ನೊಂದು ಎಚ್ಚರ. ಕಣ್ಣಿನ ಸುತ್ತ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ, ಸಕ್ಕರೆ ಹತೋಟಿಯಲ್ಲಿಲ್ಲದ ರೋಗಿ, ಹೀಗೆ ಬಂದಾಗ ಐಎಚ್‌ಸಿ ವರದಿಗಾಗಿ ಯಾರೂ ಕಾಯಬಾರದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದ ಹಸಿ ಸ್ಲೈಡ್ ಸ್ವಲ್ಪ ಹೊತ್ತಿನಲ್ಲಿಯೇ ಮ್ಯೂಕರ್‌ನ ಅಗಲ ಎಳೆಗಳನ್ನು ತೋರಿಸುತ್ತದೆ, ಮತ್ತು ಶಸ್ತ್ರಚಿಕಿತ್ಸೆಯನ್ನೂ ಆಂಫೋಟೆರಿಸಿನ್ ಬಿ ಔಷಧಿಯನ್ನೂ ಆರಂಭಿಸಲು ಅಷ್ಟು ಸಾಕು. ಇಲ್ಲಿ ಒಂದೊಂದು ದಿನದ ವಿಳಂಬವೂ ರೋಗಿಯ ಕಣ್ಣನ್ನು, ಕೆಲವೊಮ್ಮೆ ಜೀವವನ್ನು ತೆಗೆದುಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೆಯ ಅಲೆಯ ನಡುವೆ ಮ್ಯೂಕರ್‌ಮೈಕೋಸಿಸ್ ಅನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಘೋಷಿಸಲು ಕೇಂದ್ರವು ರಾಜ್ಯಗಳಿಗೆ ಸೂಚಿಸಿದ್ದನ್ನು ಆಗ ಕೆಲಸ ಮಾಡಿದವರು ಮರೆತಿರಲಾರರು.

ಬಣ್ಣ ಹಾಕುವ ಕ್ರಮ

3ರಿಂದ 4 ಮೈಕ್ರಾನ್ ದಪ್ಪದ ಪದರಗಳನ್ನು ಪಾಲಿ-ಎಲ್-ಲೈಸಿನ್ ಅಥವಾ ಸೈಲೇನ್ ಲೇಪಿಸಿದ ಸ್ಲೈಡುಗಳ ಮೇಲೆ ತೆಗೆದು, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಒಣಗಿಸಬೇಕು. ಕೊಳೆತ ಅಂಗಾಂಶ ಮಾಮೂಲಿ ಸ್ಲೈಡಿನ ಮೇಲೆ ನಿಲ್ಲುವುದಿಲ್ಲ, ಕುದಿಯುವಾಗ ತೇಲಿಹೋಗುತ್ತದೆ. ಝೈಲೀನ್‌ನಲ್ಲಿ ಮೇಣ ತೆಗೆದು, ಇಳಿಕ್ರಮದ ಆಲ್ಕೊಹಾಲ್‌ಗಳಲ್ಲಿ ಹಾಯಿಸಿ ನೀರಿಗೆ ತಂದ ಮೇಲೆ, ಮುಗಿಯುವ ತನಕ ಪದರ ಒಂದು ಕ್ಷಣವೂ ಒಣಗಕೂಡದು.

ಪ್ರತಿಜನಕ ತೆರೆಯಲು ಎರಡು ಬಫರ್‌ಗಳು ಹೆಚ್ಚು ಬಳಕೆಯಲ್ಲಿವೆ: ಲೀಟರಿಗೆ 2.94 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುವ ಪಿಎಚ್ 6ರದ್ದು, ಹಾಗೂ ಲೀಟರಿಗೆ 1.21 ಗ್ರಾಂ ಟ್ರಿಸ್ ಮತ್ತು 0.37 ಗ್ರಾಂ ಇಡಿಟಿಎ ಇರುವ ಪಿಎಚ್ 9ರದ್ದು. ಸ್ಟೀಲಿನ ಪ್ರೆಷರ್ ಕುಕ್ಕರ್‌ನಲ್ಲಿ ಬಫರ್ ಕುದಿ ಬಂದ ಮೇಲೆ ಸ್ಲೈಡುಗಳನ್ನು ಇಳಿಸಿ, ಪೂರ್ಣ ಒತ್ತಡ ಬಂದ ಬಳಿಕ ಎರಡು ಮೂರು ನಿಮಿಷ ಇಡುವುದು ಸಾಮಾನ್ಯ. ಅದೇ ಬಫರ್‌ನಲ್ಲಿ ಆರಲು ಬಿಡಬೇಕು. ಕೆಲವು ಪ್ರತಿಕಾಯಗಳಿಗೆ ಶಾಖ ಹಿಡಿಸುವುದಿಲ್ಲ, ಪ್ರೋಟೀನೇಸ್-ಕೆಯಂಥ ಕಿಣ್ವ ಬೇಕಾಗುತ್ತದೆ. ಯಾವುದು ಬೇಕೆಂಬುದನ್ನು ಪ್ರತಿಕಾಯದ ಜೊತೆ ಬರುವ ಹಾಳೆಯಲ್ಲಿ ನೋಡಬೇಕೇ ಹೊರತು ಕ್ಯಾನ್ಸರ್ ಮಾರ್ಕರ್‌ಗಳಿಗೆ ಬಳಸುವ ಕ್ರಮವನ್ನೇ ಎಲ್ಲಕ್ಕೂ ಹೊಂದಿಸಬಾರದು. ಶಿಲೀಂಧ್ರದ ಗೋಡೆ ಬಹುಪಾಲು ಸಕ್ಕರೆಸರಪಳಿಗಳಿಂದ ಆದದ್ದು, ಅದರ ನಡವಳಿಕೆ ನಮ್ಮ ಕೋಶದ ಪ್ರೋಟೀನಿನಂತಲ್ಲ.

ಅನಂತರ ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಅಡಗಿಸಲು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಹತ್ತು ನಿಮಿಷ, ಬಫರ್‌ನಲ್ಲಿ ತೊಳೆದು ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಪ್ರೋಟೀನ್ ದ್ರಾವಣ (ಪ್ರೋಟೀನ್ ಬ್ಲಾಕ್), ಬಳಿಕ ತೇವದ ಪೆಟ್ಟಿಗೆಯಲ್ಲಿ ಮೊದಲ ಪ್ರತಿಕಾಯ ಅರ್ಧದಿಂದ ಒಂದು ಗಂಟೆ, ತೊಳೆದು ಪಾಲಿಮರ್-ಪೆರಾಕ್ಸಿಡೇಸ್, ತೊಳೆದು ಕಂದು ಬಣ್ಣ ಕೊಡುವ ಡಿಎಬಿ ಐದು ಹತ್ತು ನಿಮಿಷ, ಕೊನೆಗೆ ತೆಳುವಾಗಿ ಹೆಮಟಾಕ್ಸಿಲಿನ್. ಯಕೃತ್ತು ಮತ್ತು ಮೂತ್ರಪಿಂಡದಲ್ಲಿ ಸಹಜವಾಗಿಯೇ ಬಯೋಟಿನ್ ಹೆಚ್ಚಿರುವುದರಿಂದ ಬಯೋಟಿನ್ ಆಧಾರಿತ ಹಳೆಯ ಕಿಟ್‌ಗಳಿಗಿಂತ ಪಾಲಿಮರ್ ಕಿಟ್ ಲೇಸು. ಡಿಎಬಿ ಕ್ಯಾನ್ಸರ್‌ಕಾರಕವೆಂಬ ಶಂಕೆಯಿರುವ ರಾಸಾಯನಿಕ. ಕೈಗವಸು ಬೇಕು, ಮತ್ತು ಅದನ್ನು ಸಿಂಕಿಗೆ ಚೆಲ್ಲಬಾರದು.

ಗೋಡೆಯಲ್ಲಿ ಮೆಲನಿನ್ ಇರುವ ಕಪ್ಪು ಶಿಲೀಂಧ್ರಗಳಲ್ಲಿ (ಜನ ಕಪ್ಪು ಶಿಲೀಂಧ್ರ ಎನ್ನುವ ಮ್ಯೂಕರ್ ಇದಲ್ಲ) ಡಿಎಬಿಯ ಕಂದು ಬಣ್ಣಕ್ಕೂ ಶಿಲೀಂಧ್ರದ ಸ್ವಂತ ಮೆಲನಿನ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಂಥಲ್ಲಿ ಎಇಸಿ ಎಂಬ ಕೆಂಪು ಬಣ್ಣ ಬಳಸಬೇಕು; ಅದು ಆಲ್ಕೊಹಾಲ್‌ನಲ್ಲಿ ಕರಗುವುದರಿಂದ ಮಾಮೂಲಿ ಡಿಪಿಎಕ್ಸ್ ಅಂಟಿನ ಬದಲು ನೀರು ಆಧಾರಿತ ಅಂಟಿನಲ್ಲಿ ಮೌಂಟ್ ಮಾಡಬೇಕು.

ನಮ್ಮ ಹವೆಗೆ ಸಂಬಂಧಿಸಿದ ಒಂದೆರಡು ಮಾತು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಫ್ರಿಜ್‌ನ ಶಾಖ 8 ಡಿಗ್ರಿ ದಾಟಿತೇ ಎಂಬುದನ್ನು ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಬೇಕು; ಕೆಟ್ಟ ಪ್ರತಿಕಾಯ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಬಣ್ಣ ಹಾಕದ ಸ್ಲೈಡುಗಳು ತೇವದ ಗಾಳಿಯಲ್ಲಿ ಕೆಲವು ವಾರಗಳಲ್ಲಿ ಪ್ರತಿಜನಕ ಕಳೆದುಕೊಳ್ಳಬಹುದು, ಆದ್ದರಿಂದ ಬೇರೆಡೆಗೆ ಕಳುಹಿಸುವಾಗ ಹೊಸದಾಗಿ ಕೊಯ್ದ ಎಂಟು ಹತ್ತು ಲೇಪಿತ ಸ್ಲೈಡುಗಳ ಜೊತೆ ಬ್ಲಾಕನ್ನೂ ಕೊಡುವುದು ಲೇಸು. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಪ್ಯಾರಾಫಿನ್ ಮೆತ್ತಗಾಗುತ್ತದೆ. ಒಯ್ಯುವ ಮನೆಯವರಿಗೆ ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಬಿಡಿಸಿ ಹೇಳಬೇಕು.

ಓದುವುದು

ಮೂಗಿನ ಸೈನಸ್ಸಿನ ಒಂದು ಸ್ಲೈಡನ್ನು ಎದುರಿಗಿಟ್ಟುಕೊಂಡು ನೋಡೋಣ. ಬದಿಯಡ್ಕ ಕಡೆಯ ಅಡಿಕೆ ಕೃಷಿಕ, ಮಧುಮೇಹಿ, ಆಂಫೋಟೆರಿಸಿನ್ ಆಗಲೇ ಆರಂಭವಾಗಿದೆ ಎಂದಿಟ್ಟುಕೊಳ್ಳಿ. ಸ್ಲೈಡಿನಲ್ಲಿ ಸತ್ತ ಅಂಗಾಂಶ, ರಕ್ತನಾಳದ ಗೋಡೆಯನ್ನು ಹೊಕ್ಕ ಎಳೆಗಳು. ಪುಸ್ತಕದ ಪ್ರಕಾರ ಆಸ್ಪರ್ಜಿಲಸ್ ಎಳೆ 3ರಿಂದ 6 ಮೈಕ್ರಾನ್ ಅಗಲವಿದ್ದು, ಅಡ್ಡಗೋಡೆಗಳಿಂದ ಕೂಡಿ, 45 ಡಿಗ್ರಿಯಲ್ಲಿ ಕವಲೊಡೆಯುತ್ತದೆ; ಮ್ಯೂಕರ್ ವರ್ಗದ್ದು ಅದಕ್ಕಿಂತ ಬಹಳ ಅಗಲ, ಹೆಚ್ಚುಕಡಿಮೆ ಅಡ್ಡಗೋಡೆಗಳಿಲ್ಲದೆ, ರಿಬ್ಬನ್ನಿನಂತೆ ಮಡಚಿ, 90 ಡಿಗ್ರಿಯ ಹತ್ತಿರ ಕವಲೊಡೆಯುತ್ತದೆ. ಆದರೆ ಈ ಸ್ಲೈಡಿನಲ್ಲಿ ಸಾಯುತ್ತಿರುವ ಆಸ್ಪರ್ಜಿಲಸ್ ಉಬ್ಬಿ ಅಗಲವಾಗಿರಬಹುದು, ಮಡಚಿದ ಮ್ಯೂಕರ್‌ನ ಸುಕ್ಕು ಅಡ್ಡಗೋಡೆಯಂತೆ ಕಾಣಬಹುದು, ತುಂಡಾದ ಎಳೆಯಲ್ಲಿ ಕವಲಿನ ಕೋನವೇ ಇಲ್ಲದಿರಬಹುದು. ವೊರಿಕೊನಜೋಲ್ ಆಸ್ಪರ್ಜಿಲಸ್‌ಗೆ ಮೊದಲ ಆಯ್ಕೆಯ ಔಷಧಿಗಳಲ್ಲಿ ಒಂದು, ಮ್ಯೂಕರ್‌ಗೆ ಮಾತ್ರ ಅದು ನಾಟುವುದೇ ಇಲ್ಲ. ಕಲ್ಚರ್ ಕಳುಹಿಸದಿದ್ದಾಗ ಅಥವಾ ಏನೂ ಬೆಳೆಯದಿದ್ದಾಗ, ಇಂಥ ಸ್ಲೈಡಿಗಾಗಿಯೇ ಎರಡು ಪ್ರತಿಕಾಯಗಳ ಜೋಡಿ ಇರುವುದು.

ಒಂದರ ಹಿಂದೆ ಒಂದು ಕೊಯ್ದ ಪದರಗಳಲ್ಲಿ ಗ್ರೋಕಾಟ್, ಆಸ್ಪರ್ಜಿಲಸ್ ಪ್ರತಿಕಾಯ, ಮ್ಯೂಕರ್ ವರ್ಗದ ರೈಜೋಪಸ್ ಪ್ರತಿಕಾಯ ಹಾಕಿ, ಗ್ರೋಕಾಟ್‌ನಲ್ಲಿ ಕಂಡ ಎಳೆಯನ್ನೇ ಮಿಕ್ಕ ಎರಡರಲ್ಲಿ ಹುಡುಕಬೇಕು. ಎಳೆಯ ಗೋಡೆಯ ಗುಂಟ ಗೆರೆಯಂತೆ, ಅಥವಾ ಎಳೆಯ ಒಳಗೆ ತುಂಬಿಕೊಂಡು ಬಣ್ಣ ಕೂತಿದ್ದರೆ, ಮತ್ತು ಇನ್ನೊಂದು ಪದರದಲ್ಲಿ ಅದೇ ಎಳೆ ನೀಲಿಯ ನೆರಳಿನಂತೆ ಖಾಲಿ ಉಳಿದಿದ್ದರೆ, ಅದು ನಂಬಬಹುದಾದ ಉತ್ತರ. ಸತ್ತ ಅಂಗಾಂಶದ ಅಂಚಿನಲ್ಲಿ, ಕೀವಿನ ಕೋಶಗಳಲ್ಲಿ, ಪದರ ಮಡಚಿದಲ್ಲಿ ಹರಡಿದ ಮಸುಕು ಕಂದು ಬಣ್ಣಕ್ಕೆ ಬೆಲೆ ಕೊಡಬಾರದು. ಎರಡು ಪ್ರತಿಕಾಯಗಳೂ ಬೇರೆ ಬೇರೆ ಎಳೆಗಳಲ್ಲಿ ಪಾಸಿಟಿವ್ ಬಂದರೆ ಮಿಶ್ರ ಸೋಂಕನ್ನು ಯೋಚಿಸಬೇಕು, ಅದು ನಿಜವಾಗಿ ಸಂಭವಿಸುತ್ತದೆ. ಒಂದೇ ಎಳೆಯಲ್ಲಿ ಎರಡೂ ಬಂದರೆ ಪರೀಕ್ಷೆಯೇ ಕೆಟ್ಟಿದೆ ಎಂದು ತಿಳಿದು ಮತ್ತೆ ಮಾಡಬೇಕು. ಆಸ್ಪರ್ಜಿಲಸ್ ಪ್ರತಿಕಾಯಗಳಲ್ಲಿ ಕೆಲವು ಫ್ಯುಸೇರಿಯಂ ಮತ್ತು ಸೀಡೋಸ್ಪೋರಿಯಂಗೂ ಅಂಟುತ್ತವೆಂಬುದನ್ನು ಮರೆಯಬಾರದು.

ಚಿಕ್ಕ ಯೀಸ್ಟ್‌ಗಳ ಕಡೆಗೆ ಬಂದರೆ, ರೋಗಾಣು ನುಂಗುವ ಮ್ಯಾಕ್ರೋಫೇಜ್‌ಗಳ ಒಳಗೆ 2ರಿಂದ 4 ಮೈಕ್ರಾನ್‌ನ ಚುಕ್ಕೆಗಳು ಕಂಡಾಗ ಹಿಸ್ಟೋಪ್ಲಾಸ್ಮಾ, ಶಿಲೀಂಧ್ರವಲ್ಲದ ಪರಜೀವಿ ಲೀಶ್ಮೇನಿಯಾ, ಈಶಾನ್ಯ ಭಾರತದಿಂದ ಬಂದವರಲ್ಲಿ ಟಾಲರೊಮೈಸೀಸ್ ಮಾರ್ನೆಫೈ ಮೂರನ್ನೂ ಯೋಚಿಸಬೇಕು. ಲೀಶ್ಮೇನಿಯಾ ಗ್ರೋಕಾಟ್‌ಗೆ ಕಪ್ಪಾಗುವುದಿಲ್ಲ. ಟಾಲರೊಮೈಸೀಸ್ ಮೊಗ್ಗೊಡೆಯದೆ ನಡುವೆ ಗೋಡೆ ಕಟ್ಟಿ ಇಬ್ಭಾಗವಾಗುತ್ತದೆ. ಹಿಸ್ಟೋಪ್ಲಾಸ್ಮಾದ ಪಾಲಿಕ್ಲೋನಲ್ (ಹಲವು ಬಗೆ ಬೆರೆತ) ಪ್ರತಿಕಾಯ ಬ್ಲಾಸ್ಟೋಮೈಸೀಸ್‌ನಂಥ ಇತರ ಶಿಲೀಂಧ್ರಗಳಿಗೂ ಅಂಟುವುದರಿಂದ ಆಕಾರ ಮತ್ತು ಗಾತ್ರವನ್ನು ಜೊತೆಗೆ ಹೇಳದ ವರದಿ ಅಪೂರ್ಣ. ಕವಚ ಕಳೆದುಕೊಂಡ ಕ್ರಿಪ್ಟೋಕಾಕಸ್ ಮ್ಯೂಸಿಕಾರ್ಮಿನ್‌ಗೆ ಸುಮ್ಮನಿದ್ದಾಗ ಮೆಲನಿನ್ ತೋರಿಸುವ ಫೊಂಟಾನಾ-ಮ್ಯಾಸನ್ ಬಣ್ಣವೋ ಪ್ರತಿಕಾಯವೋ ನೆರವಿಗೆ ಬರುತ್ತದೆ.

ಎಚ್‌ಐವಿ ಇರುವವರಲ್ಲಿ, ವಿಶೇಷವಾಗಿ ಸಿಡಿ4 (ರಕ್ಷಣಾ ಕೋಶ) ಎಣಿಕೆ 200ಕ್ಕಿಂತ ಕೆಳಗಿಳಿದವರಲ್ಲಿ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ನೊರೆಯಂಥ ಗುಲಾಬಿ ದ್ರವ ತುಂಬಿದ್ದರೆ ನ್ಯುಮೊಸಿಸ್ಟಿಸ್ ಜಿರೊವೆಸಿ ಶಿಲೀಂಧ್ರ ನೆನಪಾಗಬೇಕು. ಗ್ರೋಕಾಟ್ ಅದರ ಸಿಸ್ಟ್‌ಗಳನ್ನು ಮಾತ್ರ ತೋರಿಸುತ್ತದೆ, ಪ್ರತಿಕಾಯ ಗೋಡೆಯಿಲ್ಲದ ರೂಪವನ್ನೂ ಹಿಡಿಯುತ್ತದೆ. ಚಿಕ್ಕ ಬಯಾಪ್ಸಿಯಲ್ಲಿ ಈ ವ್ಯತ್ಯಾಸ ದೊಡ್ಡದು.

ಶಿಲೀಂಧ್ರವಲ್ಲದ ಅವಕಾಶವಾದಿಗಳಲ್ಲಿ, ಅಂದರೆ ದೇಹದ ಪ್ರತಿರೋಧ ಕುಗ್ಗಿದಾಗ ಎರಗುವ ರೋಗಾಣುಗಳಲ್ಲಿ, ಪ್ರತಿಕಾಯದ ಕೆಲಸ ಇನ್ನೂ ಸ್ಪಷ್ಟ. ಸೈಟೊಮೆಗಾಲೊವೈರಸ್‌ನ ಗೂಬೆಕಣ್ಣಿನ ಕೋಶ ಕರುಳಿನ ಬಯಾಪ್ಸಿಯಲ್ಲಿ ಯಾವಾಗಲೂ ಪುಸ್ತಕದಂತಿರುವುದಿಲ್ಲ, ಪ್ರತಿಕಾಯಕ್ಕೆ ಕೋಶಕೇಂದ್ರ ಕಡುಕಂದಾದ ಒಂದೇ ಒಂದು ಕೋಶ ಕಂಡರೂ ವೈದ್ಯರಿಗೆ ತಿಳಿಸಬೇಕಾದ ಸಂಗತಿಯೇ. ಮೂತ್ರಪಿಂಡ ಕಸಿಯಾದವರಲ್ಲಿ ಬಿಕೆ ವೈರಸ್ ಹುಡುಕಲು ಎಸ್‌ವಿ40 ಟಿ ಪ್ರತಿಜನಕದ ಪ್ರತಿಕಾಯ, ಕಪೋಸಿ ಸಾರ್ಕೋಮಾದಲ್ಲಿ ಎಚ್‌ಎಚ್‌ವಿ-8 ಪ್ರತಿಕಾಯ, ಇವೆರಡರಲ್ಲೂ ಬಣ್ಣ ಕೋಶಕೇಂದ್ರದಲ್ಲಿಯೇ ಕೂರಬೇಕು. ಮೆದುಳಿನ ಕೊಳೆತ ಭಾಗದಲ್ಲಿ ಚದುರಿದ ಟಾಕ್ಸೊಪ್ಲಾಸ್ಮಾ ಪರಜೀವಿಯ ಕಣಗಳನ್ನು ಕೋಶದ ಚೂರುಗಳಿಂದ ಬೇರ್ಪಡಿಸಲು ಪ್ರತಿಕಾಯಕ್ಕಿಂತ ಒಳ್ಳೆಯ ಬಣ್ಣವಿಲ್ಲ. ಯಾವ ರೋಗಾಣು ಎಂಬ ಕಲ್ಪನೆಯೇ ಇಲ್ಲದಿದ್ದಾಗ ಕ್ಷಯದ ಲಸಿಕೆಯಾದ ಬಿಸಿಜಿಯ ಬ್ಯಾಕ್ಟೀರಿಯಾಕ್ಕೆ ಎದುರಾಗಿ ಮಾಡಿದ ಪಾಲಿಕ್ಲೋನಲ್ ಪ್ರತಿಕಾಯ ಉಪಯುಕ್ತ, ಅದು ಅನೇಕ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಒಟ್ಟಾಗಿ ಅಂಟುತ್ತದೆ. ಸೋಂಕು ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ, ಆದರೆ ರೋಗಾಣುವಿನ ಹೆಸರನ್ನು ಹೇಳುವುದಿಲ್ಲ.

ವರದಿ ಮತ್ತು ಕಂಟ್ರೋಲ್

ನೆಗೆಟಿವ್ ಬಂದರೆ ಸೋಂಕಿಲ್ಲ ಎಂದು ಬರೆಯಬಾರದು. ಅತಿಯಾದ ಫಾರ್ಮಲಿನ್, ಹಳೆಯ ಬ್ಲಾಕ್, ಆರಂಭವಾದ ಚಿಕಿತ್ಸೆ, ತುಂಡಿನಲ್ಲಿ ರೋಗಾಣುವೇ ಬಾರದಿರುವುದು, ಯಾವುದೂ ಕಾರಣವಾಗಬಹುದು. ಅದೇ ರೀತಿ ಪಾಸಿಟಿವ್ ಎಂದರೆ ರೋಗಾಣು ಜೀವಂತವಾಗಿದೆ ಎಂದಲ್ಲ. ಚಿಕಿತ್ಸೆ ಮುಗಿದ ಮೇಲೂ ಮ್ಯಾಕ್ರೋಫೇಜ್‌ಗಳಲ್ಲಿ ಪ್ರತಿಜನಕ ಉಳಿದಿರುತ್ತದೆ. ಎಳೆಗಳ ಆಕಾರ, ಅಂಗಾಂಶದೊಳಗೆ ನುಗ್ಗಿದೆಯೇ ಮೇಲ್ಮೈಯಲ್ಲಿದೆಯೇ ಎಂಬುದು, ಬಳಸಿದ ಪ್ರತಿಕಾಯದ ಕ್ಲೋನ್ (ಯಾವ ತಳಿಯದು), ಅದು ಬೇರೆ ಯಾವುದಕ್ಕೆ ಅಂಟಬಹುದು, ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಹೋಲಿಕೆಯ ಸ್ಲೈಡ್) ಸರಿಯಾಗಿತ್ತೇ, ಇವಿಷ್ಟೂ ವರದಿಯಲ್ಲಿರಬೇಕು. ಬರೆದು ಮುಗಿಸಿದ ಮೇಲೆ ಚಿಕಿತ್ಸೆ ಮಾಡುವ ವೈದ್ಯರಿಗೆ ಫೋನ್ ಮಾಡಬೇಕು, ಕಾಗದ ಗಡಿ ದಾಟಿ ಬರುವವರೆಗೆ ಅವರು ಕಾಯುವಂತಾಗಬಾರದು.

ಪ್ರತಿ ಸಲವೂ ಮೂರು ಕಂಟ್ರೋಲ್‌ಗಳು ಜೊತೆಗೆ ಓಡಬೇಕು: ಹುಡುಕುತ್ತಿರುವ ರೋಗಾಣು ಇದೆಯೆಂದು ಖಚಿತವಾದ ಅಂಗಾಂಶ, ಅದನ್ನು ಹೋಲುವ ಬೇರೆ ರೋಗಾಣುವಿರುವ ಅಂಗಾಂಶ, ಮತ್ತು ರೋಗಿಯದೇ ಪದರದ ಮೇಲೆ ಮೊದಲ ಪ್ರತಿಕಾಯದ ಬದಲು ಅದೇ ಬಗೆಯ ಸಂಬಂಧವಿಲ್ಲದ ಪ್ರತಿಕಾಯ. ಇವುಗಳಲ್ಲಿ ಎರಡನೆಯದನ್ನು ಬಿಡುವುದು ಬಹಳ ಸುಲಭ, ಬಿಡಬಾರದದ್ದೂ ಅದೇ. ಹೊಸ ಪ್ರತಿಕಾಯ ತರಿಸಿದಾಗ ಕಲ್ಚರ್‌ನಲ್ಲಿ ಖಚಿತವಾದ ಹಲವು ಹಳೆಯ ಬ್ಲಾಕುಗಳ ಮೇಲೆ ಪರೀಕ್ಷಿಸಿ ನೋಡದೆ ಯಾರಿಗೂ ವರದಿ ಕೊಡಬಾರದು. ಅಂಥ ಬ್ಲಾಕುಗಳು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಕಲ್ಚರ್ ವರದಿ ಬಂದ ದಿನವೇ ಆ ರೋಗಿಯ ಬ್ಲಾಕ್ ಸಂಖ್ಯೆಯನ್ನು ಬೇರೊಂದು ರಿಜಿಸ್ಟರಿನಲ್ಲಿ ರೋಗಾಣುವಿನ ಹೆಸರಿನ ಎದುರು ಬರೆದಿಡುವ ರೂಢಿ ಬೇಕು. ಬ್ಲಾಕೇ ಇಲ್ಲದ ಲ್ಯಾಬಿನವರು ಸುರಕ್ಷತಾ ಕ್ಯಾಬಿನೆಟ್‌ನೊಳಗೆ ಕಲ್ಚರ್‌ನಲ್ಲಿ ಬೆಳೆದ ಶಿಲೀಂಧ್ರವನ್ನು ಫಾರ್ಮಲಿನ್‌ನಲ್ಲಿ ಸಾಯಿಸಿ, ಅಗಾರ್‌ನಲ್ಲಿ ಹೆಪ್ಪುಗಟ್ಟಿಸಿ, ಸೆಲ್ ಬ್ಲಾಕ್ ಮಾಡಿಕೊಳ್ಳಬಹುದು. ತಟ್ಟೆಯಲ್ಲಿ ಬೆಳೆದ ಶಿಲೀಂಧ್ರದ ಪ್ರತಿಜನಕ ದೇಹದಲ್ಲಿ ಬೆಳೆದದ್ದಕ್ಕಿಂತ ಬೇರೆಯಾಗಿರಬಹುದಾದ್ದರಿಂದ ಅಂಗಾಂಶದ ಬ್ಲಾಕ್ ಸಿಕ್ಕಿದ ಕೂಡಲೇ ಇದನ್ನು ಅದಕ್ಕೆ ಬದಲಿಸಿಕೊಳ್ಳಬೇಕು.